ಮಟ್ಟಸವಾದ ಮಂಚ

ನನ್ನ ಅಕ್ಕನ ಮಗ ತಕ್ಕಡಿ ರಿಪೇರಿಯವನು. ತಕ್ಕಡಿ ಎಂದರೆ ಎರಡು ತಟ್ಟೆ, ಒಂದು ದಂಡಿಗೆ ಎಂದುಕೊಂಡಿರುವವರು ಎಲ್ಲೋ ಹಿಂದೆಯೇ ನಿಂತುಬಿಟ್ಟಿದ್ದಾರೆ. ಚಿನ್ನದಂಗಡಿಯ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಿಂದ ಹಿಡಿದು, ತುಂಬಿದ ಲಾರಿಯನ್ನೇ ಮೈಮೇಲೆ ನಿಲ್ಲಿಸಿಕೊಳ್ಳುವ ತೂಕದ ಕಟ್ಟೆಯವರೆಗೆ ಎಲ್ಲವೂ ಇವನ ಕೈಗೆ ಬರುತ್ತವೆ. ಕೈ ಎಂಥದೆಂದರೆ, ಇವನು ಸರಿಮಾಡಿಕೊಟ್ಟ ತಕ್ಕಡಿಯ ಮೇಲೆ ನೊಣ ಬಂದು ಕೂತರೆ, ಅದು ಉಂಡು ಬಂದಿದೆಯೋ ಹಸಿದು ಬಂದಿದೆಯೋ ಓದಿ ಹೇಳಬಹುದು.

ಎಲ್ಲರೂ ಅವನನ್ನು ಗುಂಜಿ ಎನ್ನುತ್ತಾರೆ. ಗುಲಗಂಜಿ ತೂಕದ ವ್ಯತ್ಯಾಸಕ್ಕೂ ಜಗಳ ತೆಗೆಯುವುದರಿಂದ ಆ ಹೆಸರು ಬಂತೆಂದು ಅಂಗಡಿಯವರ ನಂಬಿಕೆ. ಹೆಸರಿಟ್ಟವನು ನಾನು, ಕಾರಣ ಬೇರೆ. ಹುಟ್ಟಿದಾಗ ಅವನೆಷ್ಟು ಸಣ್ಣಗಿದ್ದನೆಂದರೆ, ಹುಡುಕಲು ದಾದಿ ಎರಡು ಸಲ ಹೊದಿಕೆ ಕೊಡವಿದಳು. ಅಕ್ಕ ಇದನ್ನು ಒಪ್ಪುವುದಿಲ್ಲ. ಕೊಡವಿದ್ದು ಒಂದೇ ಸಲವಂತೆ.

ಕಸುಬು ಕಲಿಸಿದವನೂ ನಾನೇ. ಮೊದಲ ದಿನವೇ ಹೇಳಿದ್ದೆ: ತಕ್ಕಡಿ ಮಟ್ಟಸವಾಗಿ ಕೂತಿರಬೇಕು, ಗಾಳಿ ತಾಗಬಾರದು, ಮುಳ್ಳು ನಿಲ್ಲುವವರೆಗೆ ಯಾರೂ ಮುಟ್ಟಬಾರದು. ಇಡೀ ಬದುಕಿನಲ್ಲಿ ನನ್ನ ಮಾತು ಕೇಳಿದವನು ಅವನೊಬ್ಬನೇ, ಅದೂ ಇದೊಂದೇ ಮಾತು. ಆದರೆ ಕೇಳಿದ್ದು ಅಳತೆ ಮೀರಿತು.

ಅವನ ಹೆಂಡತಿ ಬಸ್ ಕಂಡಕ್ಟರು. ಹದಿನಾಲ್ಕು ವರ್ಷ ಏಳನೇ ನಂಬರಿನ ಬಸ್ಸಿನಲ್ಲಿ ನಿಂತೇ ಬದುಕಿದವಳು. ತಿರುವಿನಲ್ಲಿ ಇಡೀ ಬಸ್ಸಿನ ಜನ ಎಡಕ್ಕೆ ವಾಲಿ ಒಬ್ಬರ ಮೇಲೊಬ್ಬರು ಬಿದ್ದರೂ, ಕಂಬ ಹಿಡಿಯದೆ ನೆಟ್ಟಗೆ ನಿಂತು ಚಿಲ್ಲರೆ ಎಣಿಸುವ ಹೆಂಗಸು. ಬಸ್ಸು ನಿಂತಾಗಲೇ ಅವಳಿಗೆ ತಲೆ ಸುತ್ತುವುದು. ಮದುವೆಯಾದ ಹೊಸತರಲ್ಲಿ, ಅಲುಗಾಡದ ಮನೆಯಲ್ಲಿ ನಿದ್ದೆ ಬರುವುದಿಲ್ಲವೆಂದು ಅವಳು ಹಟ ಹಿಡಿದರೆ ಗುಂಜಿ ಕಿಟಕಿಯಾಚೆ ನಿಂತು ಬಸ್ಸಿನ ಹಾಗೆ ಸದ್ದು ಮಾಡುತ್ತಿದ್ದನಂತೆ. ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಎಷ್ಟು ಸಲ ಹೇಳಿದ್ದೇನೆಂದರೆ ಈಗ ಕಂಡಷ್ಟೇ ಆಗಿದೆ.

ಅವರಿಬ್ಬರೂ ಭೇಟಿಯಾದದ್ದು ಬಸ್ ಡಿಪೋದ ಪಾರ್ಸೆಲ್ ಕೋಣೆಯಲ್ಲಿ. ಅಲ್ಲಿನ ತಕ್ಕಡಿಗೆ ಗುಂಜಿ ಎಣ್ಣೆ ಬಿಡುತ್ತಿದ್ದಾಗ ಇವಳು ಬಂದು ಅದರ ಮೇಲೆ ನಿಂತಳು.

"ಸ್ವಲ್ಪ ಅಲುಗಾಡದೆ ನಿಂತ್ಕೊಳ್ಳಿ, ಮುಳ್ಳು ನಿಲ್ತಾ ಇಲ್ಲ" ಅಂದ ಇವನು.

"ನಿಲ್ಲೋದು ನನ್ನ ಜಾಯಮಾನದಲ್ಲೇ ಇಲ್ಲ" ಎಂದು ಅವಳು ನಕ್ಕಳು. ನಕ್ಕಷ್ಟೂ ಮುಳ್ಳು ಕುಣಿಯಿತು. ಕಾಲು ಗಂಟೆ ಕಾದರೂ ಆ ತೂಕ ಇವನಿಗೆ ಸಿಗಲಿಲ್ಲ.

ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗಲಿಲ್ಲ. ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದರು. ಅವಳಿಂದ ಅಂಡ ತೆಗೆದು, ಇವನ ವೀರ್ಯದೊಂದಿಗೆ ಗಾಜಿನ ತಟ್ಟೆಯಲ್ಲಿ ಕೂಡಿಸಿ, ಐದು ದಿನ ಬೆಳೆಸಿದರು. ಉಳಿದದ್ದು ಎರಡೇ ಭ್ರೂಣ. ಒಂದನ್ನು ಗರ್ಭದೊಳಕ್ಕೆ ಇಟ್ಟರು, ಇನ್ನೊಂದನ್ನು ಹೆಪ್ಪುಗಟ್ಟಿಸಿ ಕಾದಿರಿಸಿದರು. ಡಾಕ್ಟರು ಎಂದಿನಂತೆ ಇರಿ ಎಂದಿದ್ದರಿಂದ ಅವಳು ಒಂದು ದಿನ ಸುಧಾರಿಸಿಕೊಂಡು ಮೂರನೇ ದಿನ ಕೆಲಸಕ್ಕೆ ಹೋದಳು. ಐದನೇ ದಿನ ಶಾಲೆಯ ಮುಂದಿನ ರಸ್ತೆಯುಬ್ಬಿನ ಹತ್ತಿರ ನಾಯಿಯೊಂದು ಅಡ್ಡ ಬಂತು. ಡ್ರೈವರು ಗಕ್ಕನೆ ಬ್ರೇಕು ಒತ್ತಿದ. ಹದಿನಾಲ್ಕು ವರ್ಷ ಬೀಳದವಳು ಅವತ್ತು ಬಸ್ಸಿನ ಮೆಟ್ಟಿಲ ಮೇಲೆ ದೊಪ್ಪನೆ ಕೂತಳು. ವಾರದ ಮೇಲೆ ರಕ್ತ ಪರೀಕ್ಷೆ ಮಾಡಿದಾಗ, ಕೂಸು ಕಚ್ಚಿಲ್ಲ ಎಂದು ಬಂತು.

ಬಿದ್ದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಗುಂಜಿ ತಲೆಯಾಡಿಸಿದ. ತಲೆಯಾಡಿಸುವುದು ಬೇರೆ, ಒಪ್ಪುವುದು ಬೇರೆ.

ಮನೆಯಲ್ಲಿ ಯಾರಿಗೂ ಊಟ ಸೇರದೆ ಕೂತಿದ್ದಾಗ, ನಗಿಸೋಣವೆಂದು ನಾನೊಂದು ಮಾತು ಬಿಟ್ಟೆ. "ಆ ಉಬ್ಬು ಸಾಮಾನ್ಯದ್ದಲ್ಲ ಬಿಡ್ರಪ್ಪ. ಬಸ್ಸು ಆ ಕಡೆಯಿಂದ ಹತ್ತೋಕೆ ಶುರು ಮಾಡಿದಾಗ ತೊಡೆ ಮೇಲಿದ್ದ ಮಗು, ಈ ಕಡೆ ಇಳಿಯೋ ಹೊತ್ತಿಗೆ ಫುಲ್ ಟಿಕೆಟ್ಟಿಗೆ ಬಂದಿರುತ್ತೆ." ಅಕ್ಕ ನಕ್ಕಳು. ಕಂಡಕ್ಟರಮ್ಮನೂ ಪಾಪ ನಕ್ಕಳು. ಗುಂಜಿ ನಗಲಿಲ್ಲ. ಮರುದಿನ ಟೇಪು, ಉಕ್ಕಿನ ಅಡಿಪಟ್ಟಿ ಹಿಡಿದು ಹೋಗಿ ಉಬ್ಬಿನ ಎತ್ತರ ಅಳೆದು ಬಂದ. ನಿಯಮಕ್ಕಿಂತ ಅರ್ಧ ಇಂಚು ಹೆಚ್ಚಿತ್ತು. ರಸ್ತೆ ಕಚೇರಿಗೆ ಅರ್ಜಿ ಬರೆದ. ಅರ್ಜಿಯ ಪ್ರತಿ ಅಂಗಿ ಒಗೆಯುವಾಗ ಹೆಂಡತಿಯ ಕೈಗೆ ಸಿಕ್ಕಿತು.

"ಇದೇನ್ರೀ?"

"ರಸ್ತೆ ಉಬ್ಬಿನ ಬಗ್ಗೆ."

"ಉಬ್ಬಿನ ಬಗ್ಗೆನೋ, ನನ್ನ ಬಗ್ಗೆನೋ?"

ಅವನು ಉತ್ತರ ಕೊಡಲಿಲ್ಲ. ಅವನು ಕೆಟ್ಟವನಲ್ಲ. ಇಪ್ಪತ್ತು ವರ್ಷದಿಂದ ಅವನು ಬಿಚ್ಚಿದ ತಕ್ಕಡಿಯಲ್ಲೆಲ್ಲ ಏನಾದರೊಂದು ದೋಷ ಸಿಕ್ಕಿದೆ. ಧೂಳೋ, ಸ್ಪ್ರಿಂಗೋ, ಓರೆಯೋ, ಇಲ್ಲವೆಂದರೆ ಒಳಗೆ ಸತ್ತ ಜಿರಳೆಯೋ. ದೋಷವಿಲ್ಲದೆ ಕೆಟ್ಟ ವಸ್ತುವನ್ನು ಅವನು ಕಂಡವನೇ ಅಲ್ಲ. ಆದರೆ ಉತ್ತರ ಕೊಡದ ಆ ಒಂದು ಗಳಿಗೆ ಆ ಮನೆಯಲ್ಲಿ ಎರಡು ವರ್ಷ ಉಳಿಯಿತು.

ಎರಡನೇ ಭ್ರೂಣ ಇಡುವ ಹೊತ್ತಿಗೆ ಅವಳಿಗೆ ಮೂವತ್ತೊಂಬತ್ತು. ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು, ಇನ್ನೊಮ್ಮೆ ಅಂಡ ತೆಗೆಯಲು ಒಳಗೆ ಏನೂ ಉಳಿದಿಲ್ಲ, ಇದೇ ಕೊನೆ ಎಂದು. ಅವತ್ತು ನನ್ನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಹಿರಿಯನೆಂಬ ಗೌರವಕ್ಕೆ ಇರಬೇಕೆಂದು ನಾನು ಬೀಗಿದ್ದೆ. ಆಮೇಲೆ ತಿಳಿಯಿತು, ಗೌರವಕ್ಕಲ್ಲ, ಕೂಲಿಗೆ.

ಒಳಗಿನ ಕೆಲಸ ಹದಿನೈದು ನಿಮಿಷದಲ್ಲಿ ಮುಗಿಯಿತು. ಡಾಕ್ಟರು ಕೈಗವಸು ಕಳಚುತ್ತ ಹೊರಗೆ ಬಂದರು. ಗಡಿಬಿಡಿಯ ಹೆಂಗಸು, ನಿಂತಲ್ಲಿ ನಿಲ್ಲದವರು. "ಎಲ್ಲ ಚೆನ್ನಾಗಾಗಿದೆ. ಮನೆಗೆ ಹೋಗಿ, ಎಂದಿನ ಹಾಗೇ ಓಡಾಡಿಕೊಂಡಿರಲಿ. ಭಾರ ಎತ್ತೋದು ಬೇಡ, ಅಷ್ಟೇ. ಹನ್ನೆರಡನೇ ದಿನ ರಕ್ತ ಕೊಡೋಕೆ ಬನ್ನಿ."

"ಎದ್ದು ನಿಂತ್ರೆ ಬೀಳೋದಿಲ್ವಾ ಡಾಕ್ಟ್ರೇ?" ಅಂದ ಗುಂಜಿ.

"ಏನು ಬೀಳೋದು?"

"ಅದೇ… ಇಟ್ರಲ್ಲ, ಅದು."

ಡಾಕ್ಟರಿಗೆ ನಗು ಬಂತೋ ಸುಸ್ತಾಯಿತೋ ತಿಳಿಯಲಿಲ್ಲ. "ಅದೇನು ಜೇಬಲ್ಲಿಟ್ಟ ಗೋಲಿ ಅಲ್ಲಪ್ಪ. ಗೋಂದು ಹಚ್ಚಿದ ಎರಡು ಹಾಳೆ ಮಧ್ಯೆ ಸಾಸಿವೆ ಕಾಳು ಇಟ್ಟು ಅದುಮಿದ ಹಾಗೆ. ಪುಸ್ತಕಾನ ತಲೆಕೆಳಗೆ ಹಿಡಿದ್ರೂ ಬೀಳಲ್ಲ. ಮಲಗಿದ್ರೆ ಅಂಟುತ್ತೆ, ನಡೆದ್ರೆ ಉದುರುತ್ತೆ ಅಂತ ಏನೂ ಇಲ್ಲ."

"ಹಾಗಿದ್ರೆ ಅಂಟೋದು ಯಾವುದರಿಂದ?"

"ಅದು ನಮ್ಮ ಕೈಲಿಲ್ಲ" ಅಂದು ಡಾಕ್ಟರು ಮುಂದಿನ ಕೋಣೆಗೆ ಹೋದರು.

ಬೇರೆ ಗಂಡಸಾಗಿದ್ದರೆ ಇಷ್ಟಕ್ಕೆ ಸಮಾಧಾನವಾಗುತ್ತಿತ್ತು. ಗುಂಜಿ ಮಾತ್ರ 'ನಮ್ಮ ಕೈಲಿಲ್ಲ' ಎಂಬ ಮಾತನ್ನು ದಾರಿಯುದ್ದಕ್ಕೂ ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕೀಳುತ್ತ ಕೂತಿದ್ದ.

ಅವರ ಮನೆ ಮೂರನೆಯ ಮಹಡಿ. ಆ ಕಟ್ಟಡಕ್ಕೆ ಲಿಫ್ಟು ಇಲ್ಲ. ಕಾರಿನಿಂದ ಇಳಿದರೆ, ಮೆಟ್ಟಿಲ ಬುಡದಲ್ಲಿ ಕೈಯಿರುವ ಮರದ ಕುರ್ಚಿಯೊಂದು ಕಾಯುತ್ತಿತ್ತು. ಅದರ ಪಕ್ಕದಲ್ಲಿ ನೆಲಮಹಡಿಯ ಪೇಂಟರು ತೋಳು ಮಡಚಿಕೊಂಡು ನಿಂತಿದ್ದ.

"ಇದ್ಯಾರಿಗ್ರೀ?" ಅಂದಳು ಕಂಡಕ್ಟರಮ್ಮ.

"ನಿಂಗೇ. ಕೂತ್ಕೋ. ಅರವತ್ತಾರು ಮೆಟ್ಟಿಲಿದೆ."

"ನಂಗೆ ಕಾಲಿದೆ. ಡಾಕ್ಟ್ರು ಹೇಳಿದ್ದು ಕೇಳಿಸಿತಲ್ಲ ನಿಮಗೆ?"

"ಕೇಳಿಸ್ತು. ಕೂತ್ಕೋ."

ಅವಳು ನನ್ನ ಮುಖ ನೋಡಿದಳು. ನಾನು ಮೆಟ್ಟಿಲು ನೋಡಿದೆ. ಅವಳು ಕೂತಳು. ಯಾಕೆ ಕೂತಳೆಂದು ನನಗೆ ಆಗ ಅರ್ಥವಾಗಲಿಲ್ಲ.

ಮುಂದೆ ಗುಂಜಿ, ಹಿಂದೆ ಪೇಂಟರು. ದೊಡ್ಡ ತಕ್ಕಡಿಯನ್ನು ಮಹಡಿಗೆ ಸಾಗಿಸುವ ನಮ್ಮ ಕ್ರಮವೇ ಅದು: ಒಂದೇ ಹೆಜ್ಜೆ, ಒಂದೇ ಎತ್ತರ, ಓರೆಯಾದರೆ ಒಳಗಿನ ಸೂಕ್ಷ್ಮವೆಲ್ಲ ಕೆಟ್ಟಂತೆ. ನನ್ನ ಕೈಗೆ ಗುಂಜಿ ರಸಮಟ್ಟ ಕೊಟ್ಟ. ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುತ್ತದಲ್ಲ, ನೆಲ ಮಟ್ಟಸವಾಗಿದೆಯೇ ನೋಡುವ ಸಾಧನ, ಅದು. ಕುರ್ಚಿಯ ಕೈಮೇಲೆ ಅದನ್ನಿಟ್ಟು ಗುಳ್ಳೆಯ ಸಮಾಚಾರ ಹೇಳುತ್ತ ಬರುವುದು ನನ್ನ ಕೆಲಸ.

"ಮಾವ, ಗುಳ್ಳೆ ಎಲ್ಲಿದೆ?"

"ಮಧ್ಯದಲ್ಲೇ ಇದೆ ಕಣೋ."

"ಈಗ?"

"ಈಗ ನಿನ್ನ ಕಡೆ ಬರ್ತಾ ಇದೆ. ನೀನೇ ಬೇಕಂತೆ ಅದಕ್ಕೆ."

"ತಮಾಷೆ ಬೇಡ ಮಾವ! ಪೇಂಟ್ರೇ, ಎತ್ತಿ, ಎತ್ತಿ!"

"ಎಷ್ಟೂಂತ ಎತ್ಲಿ ಸ್ವಾಮಿ, ಸೀಲಿಂಗ್ ತಾಗ್ತಾ ಇದೆ" ಅಂದ ಪೇಂಟರು.

"ಮೂರು ಜನಾನೂ ಸೇರಿ ನನ್ನ ಬೀಳಿಸಿ, ಆಮೇಲೆ ನಾನು ನಡೆದೆ ಅನ್ನಿ" ಅಂದಳು ಅವಳು, ಕಣ್ಣು ಮುಚ್ಚಿಕೊಂಡು.

ಒಂದನೇ ಮಹಡಿಯ ಟೈಲರಮ್ಮ ಬಾಗಿಲು ತೆಗೆದು ಎದೆ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಏನಾಯ್ತು?"

"ಏನೂ ಆಗಿಲ್ಲ ಕಣಮ್ಮ, ಆಗ್ಲಿ ಅಂತಾನೇ ಹೊತ್ಕೊಂಡು ಹೋಗ್ತಾ ಇದೀವಿ" ಅಂದ ಪೇಂಟರು, ಏದುಸಿರು ಬಿಡುತ್ತ. ಎರಡನೇ ಮಹಡಿಯ ತಿರುವಿನಲ್ಲಿ ಅವನ ಚಪ್ಪಲಿ ಜಾರಿ ಕುರ್ಚಿ ಒಂದು ಗೇಣು ವಾಲಿತು. ಗುಳ್ಳೆ ಕೊಳವೆಯ ತುದಿಗೆ ಓಡಿಹೋಯಿತು. ಗುಂಜಿಯ ಮುಖ ಸುಣ್ಣ ಬಳಿದಂತಾಯಿತು. ಅರವತ್ತಾರು ಮೆಟ್ಟಿಲಿಗೆ ನಾವು ತೆಗೆದುಕೊಂಡ ಹೊತ್ತಿನಲ್ಲಿ ಒಂದು ಹೊಸ ಕಟ್ಟಡ ಕಟ್ಟಿ ಅದಕ್ಕೆ ಲಿಫ್ಟನ್ನೂ ಕೂರಿಸಬಹುದಿತ್ತು.

ಮನೆಯೊಳಗೆ ಮಂಚ ಸಿದ್ಧವಾಗಿತ್ತು. ಹಿಂದಿನ ದಿನವೇ ಅವನು ಅದರ ನಾಲ್ಕು ಮೂಲೆಗೂ ರಸಮಟ್ಟ ಇಟ್ಟು ನೋಡಿ, ಕಾಲಡಿಯಲ್ಲಿ ರಟ್ಟಿನ ಚೂರುಗಳನ್ನು ಒಂದೊಂದಾಗಿ ತುರುಕಿ, ಕೂದಲೆಳೆಯಷ್ಟೂ ವಾಲದಂತೆ ಮಾಡಿದ್ದ. ಕಿಟಕಿ ಮುಚ್ಚಿದ್ದ. ಫ್ಯಾನಿನ ಗುಂಡಿಗೆ ಟೇಪು ಅಂಟಿಸಿದ್ದ. ಬಚ್ಚಲಿಗೆ ಹೋಗಲು ಮಾತ್ರ ಏಳಬಹುದು, ಅದೂ ಅವನ ಅಥವಾ ಅಕ್ಕನ ಕೈ ಹಿಡಿದು. ತಾನು ಕೆಲಸಕ್ಕೆ ರಜೆ ಹಾಕಿದ. ಅಂಗಡಿಗಳ ಕರೆಗಳಿಗೆಲ್ಲ ಈ ಮುದುಕ ಹೋಗಬೇಕಾಯಿತು. ಹೆರಿಗೆ ವಾರ್ಡಿನಲ್ಲಿ ಎಳೆಗೂಸು ತೂಗುವ ತಕ್ಕಡಿ ಕೆಟ್ಟಿದೆಯೆಂದು ಕರೆ ಬಂದಾಗಲಂತೂ, ಎರಡು ವರ್ಷದಿಂದಲೂ ಹೋಗುತ್ತಿರುವವನು ನಾನೇ. ಅದಕ್ಕೆ ಕಾರಣ ಅವನು ಹೇಳಿಲ್ಲ, ನಾನು ಕೇಳಿಲ್ಲ.

ಅಕ್ಕನಿಗೆ ಈ ಮಲಗಿಸುವುದೇ ಸರಿಬೀಳಲಿಲ್ಲ. ಅತ್ತೆಯಂದಿರು ಸೊಸೆಯನ್ನು ದುಡಿಸುತ್ತಾರೆಂದು ಕೇಳಿದ್ದೇವೆ. ಇಲ್ಲಿ ಅತ್ತೆ ಎದ್ದು ಓಡಾಡೇ ಎನ್ನುತ್ತಿದ್ದದ್ದು ಕನಿಕರಕ್ಕೆ. "ಇವನು ಹೊಟ್ಟೇಲಿದ್ದಾಗ ನಾನು ಸೈಕಲ್ಲಿಂದ ಬಿದ್ದು ಚರಂಡಿಗೆ ಹೋಗಿದ್ದೆ. ಇವನೇನು ಉದುರಿದ್ನಾ? ಜಿಗಣೆ ಕಚ್ಚಿದ ಹಾಗೆ ಕಚ್ಕೊಂಡಿದ್ದ. ಕಚ್ಚಿಕೊಳ್ಳೋದು ಹೇಗಿದ್ರೂ ಕಚ್ಚಿಕೊಳ್ಳುತ್ತೆ, ತಗೋ."

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂದು ಅಕ್ಕನಿಗೇ ಹೊಳೆಯಿತು. ಹಾಗಾದರೆ ಸೊಸೆಗೆ ಕಚ್ಚದೇ ಹೋದದ್ದು? ಅಕ್ಕ ಲೋಟ ತೊಳೆಯಲು ಎದ್ದು ಹೋದಳು.

ನಾಲ್ಕನೇ ದಿನದ ಹೊತ್ತಿಗೆ ಕಂಡಕ್ಟರಮ್ಮ ಸೂರಿನ ಬಿರುಕುಗಳನ್ನೆಲ್ಲ ಬಸ್ ಮಾರ್ಗ ಮಾಡಿಕೊಂಡಿದ್ದಳು. "ನೋಡಿ ಮಾವ, ದೀಪದ ಹತ್ರ ಡಿಪೋ. ಆ ಕಲೆ ಇದೆಯಲ್ಲ, ಅದು ಮಾರ್ಕೆಟ್ಟು. ಅಲ್ಲಿಂದ ಮುಂದೆ ರಸ್ತೆ ಇಲ್ಲ." ಬೆನ್ನು ಹಲಗೆಯಾಗಿತ್ತು. ಸೆಕೆಗೆ ಕೂದಲು ಹಣೆಗಂಟಿತ್ತು. ಹೊಟ್ಟೆ ಕಟ್ಟಿಕೊಂಡಿತ್ತು. ಅಕ್ಕ ತಂದ ಸೂಪನ್ನು ಮಲಗಿಕೊಂಡೇ ಚಮಚದಲ್ಲಿ ಕುಡಿದು, ಅರ್ಧ ಕಿವಿಗೆ ಹೋಯಿತು ಅಂದಳು.

ಗುಂಜಿ ಔಷಧಿ ತರಲು ಇಳಿದಾಗ ನಾನು ಕೇಳಿಯೇಬಿಟ್ಟೆ. "ಅಲ್ಲಮ್ಮ, ಗಲಾಟೆ ಮಾಡಿದ ಗಂಡಸರನ್ನ ಕಾಲರ್ ಹಿಡಿದು ಬಸ್ಸಿಂದ ಇಳಿಸಿದವಳು ನೀನು. ನಮ್ಮ ಗುಂಜಿ ಒಬ್ಬನಿಗೆ ಹೆದರಿ ಮಲಗಿದೀಯಾ? ಡಾಕ್ಟ್ರೇ ಓಡಾಡು ಅಂದಿದಾರೆ. ಎದ್ದುಬಿಡು."

"ಎದ್ರೆ ಏನೂ ಆಗಲ್ಲ ಅಂತ ನಂಗೂ ಗೊತ್ತು ಮಾವ." ಹಣೆಗಂಟಿದ ಕೂದಲು ಸರಿಸಿದಳು. "ಆದ್ರೆ ನಾಳೆ ಆಗದೇ ಹೋದ್ರೆ? ಎದ್ದೆಯಲ್ಲ, ಅದಕ್ಕೇ ಅಂತ ಯಾರೂ ಅನ್ನಲ್ಲ. ನೀವು ಅನ್ನಲ್ಲ, ಅತ್ತೆ ಅನ್ನಲ್ಲ, ಅವರೂ ಅನ್ನಲ್ಲ. ಅನ್ನದೇ ಇರ್ತಾರೆ. ಅದನ್ನ ಎರಡು ವರ್ಷ ಉಂಡಿದೀನಿ. ಇನ್ನು ಸಾಕು."

ನನ್ನ ಹತ್ತಿರ ಪ್ರತಿಯೊಂದಕ್ಕೂ ಒಂದು ಚಟಾಕಿ ಇರುತ್ತದೆಂದು ಜನ ಹೇಳುತ್ತಾರೆ. ಅವತ್ತು ಜೇಬು ತಡಕಿದರೆ ಬರೀ ಕನ್ನಡಕ ಸಿಕ್ಕಿತು.

ಐದನೇ ದಿನ ಏಳನೇ ನಂಬರಿನ ಡ್ರೈವರು ನೋಡಲು ಬಂದ. ಆನೆಯಂಥ ಆಳು, ಬಾಗಿಲಿನಲ್ಲಿ ನಿಂತರೆ ಮನೆಗೆ ಗ್ರಹಣ. ಕಿತ್ತಳೆ ಹಣ್ಣಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಳಗೆ ಬರಲೂ ಆಗದೆ ಹೋಗಲೂ ಆಗದೆ ನಿಂತಿದ್ದ.

"ಬಾರಯ್ಯ, ಬಸ್ಸು ಹೇಗಿದೆ?" ಅಂದಳು ಮಲಗಿದಲ್ಲಿಂದಲೇ.

"ಚೆನ್ನಾಗಿಲ್ಲ ಅಕ್ಕ. ನೀವಿಲ್ದೆ ಜನ ಹಿಂದೆ ಹೋಗಲ್ಲ, ಎಲ್ಲ ಬಾಗಿಲಲ್ಲೇ ನಿಲ್ತಾರೆ." ಇಷ್ಟು ಹೇಳಿ ಅವನು ಹಣ್ಣಿನ ಚೀಲವನ್ನು ನೆಲಕ್ಕಿಟ್ಟ. "ಅವತ್ತು ಆ ನಾಯಿ ಮೇಲೆ ಹತ್ತಿಸಿಬಿಟ್ಟಿದ್ರೆ ಆಗ್ತಿತ್ತು. ಬ್ರೇಕ್ ಹಾಕಿದ್ದು ನಾನೇ ಅಲ್ವಾ? ದಿನಾ ಆ ಜಾಗ ಬಂದಾಗ ಕಾಲು ತಾನಾಗೇ ಬ್ರೇಕ್ ಮೇಲೆ ಹೋಗುತ್ತೆ ಅಕ್ಕ."

"ಅದರಿಂದ ಅಲ್ಲ ಕಣೋ. ಡಾಕ್ಟ್ರು ಹೇಳಿದ್ರು."

"ಅವರು ಹಾಗೇ ಹೇಳ್ತಾರೆ ಬಿಡಿ ಅಕ್ಕ, ನಮ್ಮ ಸಮಾಧಾನಕ್ಕೆ."

"ಅಲ್ಲ ಅಂದ್ನಲ್ಲೋ! ಅಳಬೇಡ್ವೋ, ಮಂಚ ಅಲ್ಲಾಡುತ್ತೆ, ನಮ್ಮೋರು ಬಯ್ತಾರೆ."

ಅಷ್ಟು ದೊಡ್ಡ ಗಂಡಸು ಮಂಚದ ಕಾಲ ಬಳಿ ಕೂತು ಮೂಗೊರೆಸಿಕೊಂಡ. ಮಲಗಿದ್ದವಳು ಕೈ ಚಾಚಿ ಅವನ ತಲೆ ಸವರಿದಳು. ಬಾಗಿಲಿನಲ್ಲಿ ನಿಂತಿದ್ದ ಗುಂಜಿ ಇದನ್ನೆಲ್ಲ ಕೇಳಿಸಿಕೊಂಡ. ಅವನು ಕೂಡ 'ಅದರಿಂದ ಅಲ್ಲ' ಎಂದು ಒಂದು ಮಾತು ಸೇರಿಸಬಹುದಿತ್ತು. ಅವಳು ಅವನ ಕಡೆ ನೋಡಿದಳು ಕೂಡ. ಅವನು ಕಿತ್ತಳೆ ಚೀಲ ತೆಗೆದುಕೊಂಡು ಅಡಿಗೆಮನೆಗೆ ಹೋದ.

ಎಂಟನೇ ದಿನ ಬೆಳಿಗ್ಗೆ ಅವಳ ಎಡಗಾಲಿನ ಮೀನಖಂಡ ಹಿಡಿದುಕೊಂಡು, ಪಾದ ಊದಿತ್ತು. ಹೆದರಿ ಆಸ್ಪತ್ರೆಗೆ ಫೋನು ಮಾಡಿದರು. ಫೋನೆತ್ತಿದ ನರ್ಸು ಎಲ್ಲ ಕೇಳಿಸಿಕೊಂಡು, ಬಂದು ತೋರಿಸಿ ಎಂದಳು. ಹೋದೆವು. ಕಾಲು ಸ್ಕ್ಯಾನ್ ಮಾಡಿದರು. ದೇವರ ದಯೆ, ಏನೂ ಇರಲಿಲ್ಲ. ಆದರೆ ಆ ನರ್ಸು ಗುಂಜಿಯನ್ನು ಮೂಲೆಗೆ ನಿಲ್ಲಿಸಿ ನೀರಿಳಿಸಿದಳು.

"ಎಂಟು ದಿನ ಮಲಗಿಸಿದ್ರಾ? ಯಾರು ಹೇಳಿದ್ರು ನಿಮಗೆ? ಇಷ್ಟೆಲ್ಲ ಹಾರ್ಮೋನು ಮಾತ್ರೆ ತಗೊಳ್ಳೋರು ಹೀಗೆ ಮಲಗಿದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು. ಎದ್ದು ಓಡಾಡಬೇಕು. ರಕ್ತ ಹರಿದಾಡ್ತಾ ಇರಬೇಕು."

"ಓಡಾಡಬೇಕಾ?" ಅಂದ ಗುಂಜಿ. "ಹಾಗಿದ್ರೆ ಮಲಗಿಸಿದ್ದೇ ತಪ್ಪಾಯ್ತಾ? ಅದಕ್ಕೇನಾದ್ರೂ… ಒಳಗಿರೋದಕ್ಕೆ?"

"ಅದಕ್ಕೆ ಏನೂ ಆಗಲ್ಲ. ನಾನು ಹೇಳ್ತಿರೋದು ಇವರ ಕಾಲಿನ ವಿಷಯ."

ಅವನ ಕಿವಿಗೆ ಮೊದಲನೆಯ ವಾಕ್ಯ ಬೀಳಲೇ ಇಲ್ಲ. ಈ ಸಲ ಮೆಟ್ಟಿಲನ್ನು ಅವಳು ತನ್ನ ಕಾಲಲ್ಲೇ ಹತ್ತಿದಳು. ಎಂಟು ದಿನ ಆಡದ ಕಾಲು ತೊಡರುತ್ತಿತ್ತು. ಕುರ್ಚಿ ಬುಡದಲ್ಲೇ ಉಳಿಯಿತು. ಮನೆಗೆ ಬಂದವನೇ ಗುಂಜಿ ಕಿಟಕಿ ತೆಗೆದ, ಫ್ಯಾನಿನ ಟೇಪು ಕಿತ್ತ. ಬಾಗಿಲಾಚೆ, ಆ ಮಹಡಿಯ ಮನೆಗಳ ನಡುವಿನ ಓಣಿಯನ್ನು ಅಳೆದ: ತುದಿಯಿಂದ ತುದಿಗೆ ಇಪ್ಪತ್ತೆರಡು ಹೆಜ್ಜೆ. ಗಂಟೆಗೊಮ್ಮೆ ಹತ್ತು ಸುತ್ತು ಎಂದು ಚೀಟಿ ಬರೆದು ಗೋಡೆಗೆ ಅಂಟಿಸಿದ. ಎಂಟು ದಿನದ ನಡಿಗೆಯ ಬಾಕಿಯನ್ನು ನಾಲ್ಕು ದಿನದಲ್ಲಿ ತೀರಿಸುವ ಲೆಕ್ಕ. ಅವಳು ಮುಂದೆ, ಗಡಿಯಾರ ಹಿಡಿದುಕೊಂಡು ಅವನು ಹಿಂದೆ.

"ಸ್ವಲ್ಪ ಬೇಗ… ಅಷ್ಟು ಬೇಗ ಬೇಡ. ಕೈ ಬೀಸು. ಜೋರಾಗಿ ಬೀಸಬೇಡ."

ಎದುರು ಮನೆಯ ಮುದುಕಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಈ ಮೆರವಣಿಗೆ ನೋಡಿದಳು. ಒಂಬತ್ತನೇ ದಿನ ಸಂಜೆ, ಏಳನೆಯ ಸುತ್ತಿನ ನಡುವೆ, ಕಂಡಕ್ಟರಮ್ಮ ಓಣಿಯ ಮಧ್ಯದಲ್ಲಿ ನಿಂತುಬಿಟ್ಟಳು.

"ಯಾಕೆ? ನೋವಾ?"

"ಇಲ್ಲ."

"ಹಾಗಿದ್ರೆ ನಡಿ."

"ನಡೆಯೋಕೆ ಭಯ ಆಗ್ತಿದೆ."

"ಸರಿ, ಒಳಗೆ ಬಾ, ಮಲಗು."

"ಮಲಗೋಕೂ ಭಯ ಆಗ್ತಿದೆ ರೀ."

ಅವಳು ಗೋಡೆಗೊರಗಿ ಅಲ್ಲೇ ನೆಲದ ಮೇಲೆ ಕೂತಳು. ಗುಂಜಿ ಗಡಿಯಾರ ನೋಡಿದ, ಅವಳನ್ನು ನೋಡಿದ. ಕೂರಬಹುದೋ ಬಾರದೋ ಎಂಬ ಬಗ್ಗೆ ಅವನ ಬಳಿ ಯಾವ ಚೀಟಿಯೂ ಇರಲಿಲ್ಲ. ಎದುರು ಮನೆಯ ಮುದುಕಿ ಎದ್ದು ತನ್ನ ದಿಂಬನ್ನು ತಂದು ಅವಳ ಬೆನ್ನಿಗೆ ಕೊಟ್ಟಳು. ಆ ಹೊತ್ತಿನಲ್ಲಿ ತಿಳಿದು ಮಾಡಿದ ಕೆಲಸ ಅದೊಂದೇ.

ಹನ್ನೆರಡನೇ ದಿನ ಬೆಳಿಗ್ಗೆ ರಕ್ತ ಕೊಟ್ಟು ಬಂದರು. ಮಧ್ಯಾಹ್ನದ ಮೇಲೆ ಫೋನು ಮಾಡುತ್ತೇವೆಂದು ಹೇಳಿದ್ದರಂತೆ. ಮಧ್ಯಾಹ್ನ ಎಂಬುದು ಅವತ್ತು ಎಷ್ಟು ಉದ್ದವಿತ್ತೆಂದರೆ, ಅದರ ಒಂದು ತುದಿಯಿಂದ ಇನ್ನೊಂದು ತುದಿ ಕಾಣಿಸುತ್ತಿರಲಿಲ್ಲ. ನಾವು ನಾಲ್ಕೂ ಜನ ಊಟದ ಮೇಜಿನ ಸುತ್ತ ಕೂತಿದ್ದೆವು, ನಡುವೆ ಫೋನು. ಒಂದು ಸಲ ಫೋನು ಸದ್ದು ಮಾಡಿತು. ಬೇಕರಿಯವನು, ತಕ್ಕಡಿ ಯಾವಾಗ ಕೊಡ್ತೀರಿ ಎಂದು. ಗುಂಜಿ ಅವನಿಗೆ ಬಯ್ಯಲೂ ಇಲ್ಲ.

ಮೂರೂವರೆಗೆ ಡಾಕ್ಟರೇ ಫೋನು ಮಾಡಿದರು. ಎತ್ತಿಕೊಂಡವಳು ಕಂಡಕ್ಟರಮ್ಮ. "ಹೂಂ… ಹೂಂ… ಸರಿ ಡಾಕ್ಟ್ರೇ" ಅಂದಳು. ಯಾರೋ ತಪ್ಪು ಬಸ್ಸು ಹತ್ತಿದವರಿಗೆ ಮುಂದಿನ ಸ್ಟಾಪಿನಲ್ಲಿ ಇಳಿಯಿರಿ ಎನ್ನುವಾಗಿನ ಅದೇ ದನಿ. ಫೋನನ್ನು ಗಂಡನ ಕಡೆ ಜಾರಿಸಿದಳು. ಅವಳ ಮುಖ ನೋಡಿದ ಮೇಲೆ ನಮಗೆ ಯಾರಿಗೂ ಹೇಳುವ ಅಗತ್ಯವಿರಲಿಲ್ಲ.

ಗುಂಜಿ ಜೇಬಿನಿಂದ ಸಣ್ಣ ಪುಸ್ತಕ ತೆಗೆದ. ಹನ್ನೆರಡು ದಿನದ್ದೆಲ್ಲ ಅದರಲ್ಲಿ ಬರೆದಿದ್ದ.

"ಮೇಡಂ, ಮೊದಲ ದಿನ ಕುರ್ಚಿಯಲ್ಲಿ ಹೊತ್ತಾಗ ಎರಡನೇ ಮಹಡಿಯಲ್ಲಿ ಒಂದು ಗೇಣು ವಾಲಿತ್ತು. ಅದರಿಂದಾನಾ?"

"ಅಲ್ಲಪ್ಪ." ಡಾಕ್ಟರ ದನಿ ನಮಗೂ ಕೇಳಿಸುತ್ತಿತ್ತು.

"ಎಂಟು ದಿನ ಮಲಗಿಸಿದ್ದೆ."

"ಅದರಿಂದ ಅಲ್ಲ."

"ಆಮೇಲೆ ದಿನಕ್ಕೆ ನೂರು ಸುತ್ತು ನಡೆಸಿದೆ."

"ಅದರಿಂದಲೂ ಅಲ್ಲ."

"ಆರನೇ ದಿನ ಅವಳು ಜೋರಾಗಿ ಸೀನಿದ್ಲು. ಎರಡು ಸಲ."

ಆ ಗಡಿಬಿಡಿಯ ಹೆಂಗಸು ಅವತ್ತು ಗಡಿಬಿಡಿ ಮಾಡಲಿಲ್ಲ. "ನೋಡಿ, ನೀವು ಏನೂ ತಪ್ಪು ಮಾಡಿಲ್ಲ. ಅವರೂ ಮಾಡಿಲ್ಲ. ಈ ಸಲವೂ ಇಲ್ಲ, ಹಿಂದಿನ ಸಲವೂ ಇಲ್ಲ. ಎಷ್ಟೋ ಭ್ರೂಣಗಳು ಹೀಗೇ ನಿಂತುಹೋಗ್ತವೆ. ಯಾಕೆ ಅಂತ ಪ್ರತಿ ಸಲ ಹೇಳೋಕೆ ನನಗೂ ಬರಲ್ಲ."

ಈ ಮಾತು ಕೇಳಿದರೆ ಯಾರಿಗಾದರೂ ಎದೆಯ ಮೇಲಿನ ಕಲ್ಲು ಇಳಿಯಬೇಕು. ಗುಂಜಿಗೆ ಅದು ಹತ್ತಿತು. ಫೋನು ಇಟ್ಟು, ನನ್ನ ಕಡೆ ತಿರುಗಿದ. "ಏನೂ ತಪ್ಪೇ ಇಲ್ಲ ಅಂದ್ರೆ, ಏನನ್ನ ಸರಿ ಮಾಡೋದು ಮಾವ?"

ಕಸುಬು ಕಲಿಸಿದವನು ನಾನು. ನನಗೆ ಗೊತ್ತಿರಲಿಲ್ಲ.

"ಹಿಂದಿನ ಸಲವೂ ಇಲ್ಲ ಅಂದ್ರು" ಅಂದಳು ಕಂಡಕ್ಟರಮ್ಮ. ಅವಳು ಮೇಜಿನ ಮೇಲಿನ ಕಿತ್ತಳೆ ಸಿಪ್ಪೆಯನ್ನು ಸಣ್ಣ ಸಣ್ಣದಾಗಿ ಚೂರು ಮಾಡುತ್ತಿದ್ದಳು. "ಕೇಳಿಸಿತಾ ನಿಮಗೆ?"

"ಕೇಳಿಸ್ತು."

"ನೀವು ಹೇಳಿ ಒಂದು ಸಲ."

"ನಿನ್ನಿಂದ ಅಲ್ಲ." ಇಷ್ಟು ಹೇಳಿ ಅವನು ಪುಸ್ತಕ ಮುಚ್ಚಿ ಜೇಬಿಗಿಟ್ಟ. "ಅವತ್ತೂ ನಿನ್ನಿಂದ ಆಗಿದ್ದಲ್ಲ. ನಂಗೆ… ಏನಾದ್ರೂ ಒಂದು ಬೇಕಾಗಿತ್ತು ಕಣೇ. ಅದಕ್ಕೇ."

"ಗೊತ್ತು" ಅಂದಳು. "ನಂಗೂ ಬೇಕಾಗಿತ್ತು. ನಂದೇ ತಪ್ಪು ಅಂತಿದ್ರೆ, ಈ ಸಲ ತಪ್ಪು ಮಾಡದಿದ್ರೆ ಆಗುತ್ತಲ್ಲ ಅಂತ ಅಂದ್ಕೊಂಡಿದ್ದೆ."

ಎದ್ದು ಒಳಗೆ ಹೋಗಿ ಮಂಚದ ಮೇಲೆ ಮಲಗಿದಳು, ಗೋಡೆ ಕಡೆ ಮುಖ ಮಾಡಿ. ಈ ಸಲ ಯಾರೂ ಮಲಗು ಎಂದಿರಲಿಲ್ಲ.

ಅಕ್ಕ ಟೀ ಮಾಡಿದಳು. ಲೋಟ ಹಿಡಿದುಕೊಂಡು ಕೋಣೆಯ ಬಾಗಿಲವರೆಗೆ ಹೋಗಿ, ಹಿಂದಕ್ಕೆ ಬಂದು ನನ್ನ ಕಿವಿಯಲ್ಲಿ ಕೇಳಿದಳು, "ಎಬ್ಬಿಸ್ಲೇನೋ? ಮಲಗ್ಲಿ ಅಂತ ಬಿಡ್ಲಾ?"

"ಗುಂಜಿಯನ್ನ ಕೇಳು."

ಗುಂಜಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದ. "ಏನು ಮಾಡ್ಲಿ?" ಅಂದ, ಒಳಕ್ಕೆ.

"ಏನೂ ಮಾಡಬೇಡಿ" ಅಂದಳು ಅವಳು.

ಹನ್ನೆರಡು ದಿನ ಅವನು ಮಾಡದೇ ಇದ್ದ ಕೆಲಸ ಅದೊಂದೇ. ಅದು ಹೇಗೆ ಮಾಡುವುದೆಂದು ತಿಳಿಯದೆ ಹಾಗೇ ನಿಂತ. ಒಂದು ಹೆಜ್ಜೆ ಒಳಗಿಟ್ಟ, ತೆಗೆದ. ಸ್ವಲ್ಪ ಹೊತ್ತಿನ ಮೇಲೆ ಮಂಚದ ಪಕ್ಕದ ನೆಲದ ಮೇಲೆ ಕೂತ. ಅವಳ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾಳೋ ಉಸಿರಾಡುತ್ತಿದ್ದಾಳೋ ನಾನಿದ್ದಲ್ಲಿಂದ ಗೊತ್ತಾಗಲಿಲ್ಲ. ಪಕ್ಕದಲ್ಲೇ ಕೂತವನಿಗೂ ಗೊತ್ತಾಗುತ್ತಿರಲಿಲ್ಲವೆಂದು ಕಾಣುತ್ತದೆ. ಕೈ ಎತ್ತಿದವನು ಮುಟ್ಟದೆ ತೊಡೆಯ ಮೇಲೆ ಇಟ್ಟುಕೊಂಡ.

ಟೀ ಆರಿತು. ಅಕ್ಕ ಮತ್ತೆ ಬಿಸಿ ಮಾಡಿದಳು. ಮತ್ತೆ ಆರಿತು.